ಮೂಲೆ ಸೇರಿದ ಗಣಕಯಂತ್ರದಲ್ಲಿ ಮನೆಯ ಜಾಲತಾಣ

ಇಂದು ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಹಳೆಯ ಗಣಕಯಂತ್ರ ಧೂಳು ತಿನ್ನುತ್ತ ಬಿದ್ದಿರುತ್ತದೆ. ಎಸೆಯಲು ಮನಸ್ಸು ಬಾರದು, ಬಳಸೋಣವೆಂದರೆ ವೇಗ ಸಾಲದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲಂತೂ ಇಂಥ ಯಂತ್ರಗಳ ಸಂಖ್ಯೆ ಹೆಚ್ಚಿದೆ. ನಮ್ಮ ಮನೆಯಲ್ಲಿಯೂ ಒಂದಿತ್ತು. ಮಗನ ಓದಿಗೆಂದು 2010ರಲ್ಲಿ ಕೊಂಡದ್ದು. ಗುಜರಿಯವನು ಅದಕ್ಕೆ ಬೆಲೆ ಹೇಳಿಯೂ ಆಗಿತ್ತು. ಆದರೆ ಇಂದು ಅದು ನಮ್ಮ ಮನೆತನದ ಒಂದು ಆಸ್ತಿಯನ್ನು ಕಾಯುತ್ತಿದೆ. ಅದು ಹೇಗೆಂಬುದನ್ನು ಈ ತಿಂಗಳು ಓದುಗ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇವೆ.

ನಮ್ಮ ತೀರ್ಥರೂಪರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ತಮ್ಮ ತಾಯಿ ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ಹಾಡುತ್ತಿದ್ದ ಹಾಡುಗಳನ್ನು ಅವರು ಮೂರು ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮಗ ಸೈಬರ್ ಕೆಫೆಯಲ್ಲಿ ಕುಳಿತು ಅವುಗಳನ್ನೆಲ್ಲ ಅಚ್ಚು ಮಾಡಿ, ಉಚಿತವಾಗಿ ಸ್ಥಳ ಕೊಡುತ್ತಿದ್ದ ಒಂದು ತಾಣದಲ್ಲಿ ಇರಿಸಿದ. ಮೊದಲೆರಡು ಪುಸ್ತಕಗಳ ಪ್ರತಿಯನ್ನು ಸಿ.ಡಿ.ಯಲ್ಲಿ ತೆಗೆದಿಟ್ಟ, ಮೂರನೆಯದಕ್ಕೆ ಅದನ್ನೂ ಮಾಡಲಿಲ್ಲ. ಜಾಲದಲ್ಲಿ ಇದೆಯಲ್ಲ ಎಂಬ ಧೈರ್ಯದಿಂದ ನಾವೂ ಮೂಲ ಪುಸ್ತಕಗಳ ಬಗೆಗೆ ಅಲಕ್ಷ್ಯ ತೋರಿದೆವು. ಮೂರನೆಯ ಪುಸ್ತಕವನ್ನು ಗೆದ್ದಲು ತಿಂದಿತು. ಮುಂದೆ ಆ ತಾಣವೂ ಬಾಗಿಲು ಮುಚ್ಚಿತು. ಮುಚ್ಚುವ ಮುನ್ಸೂಚನೆ ಮಗ ಬಿಟ್ಟುಬಿಟ್ಟಿದ್ದ ಹಳೆಯ ಮಿಂಚಂಚೆಯ ವಿಳಾಸಕ್ಕೆ ಹೋಗಿತ್ತು. ನಮಗೆ ತಿಳಿಯುವ ಹೊತ್ತಿಗೆ ಆ ಪುಸ್ತಕದ ಹಾಡುಗಳೆಲ್ಲ ಕೈಬಿಟ್ಟು ಹೋಗಿದ್ದವು.

ಇದು ನಮ್ಮೊಬ್ಬರ ಕಥೆಯಲ್ಲ. ಸಾಮಾನ್ಯ ಜನರಿಗೆ ಉಚಿತ ಪುಟಗಳನ್ನು ಕೊಡುತ್ತಿದ್ದ ಜಿಯೋಸಿಟೀಸ್ ಎಂಬ ಪ್ರಸಿದ್ಧ ತಾಣ 1994ರಲ್ಲಿ ಆರಂಭವಾಗಿ, 1999ರಲ್ಲಿ ಯಾಹೂ ಸಂಸ್ಥೆಯ ಕೈಸೇರಿ, ಜಪಾನಿನ ಹೊರತು ಉಳಿದೆಡೆ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಬೇರೆಯವರ ಜಗುಲಿಯ ಮೇಲೆ ಇಟ್ಟ ಗಂಟನ್ನು ಅವರು ಎಂದಾದರೊಂದು ದಿನ ತೆಗೆಯೆಂದಾರು. ಅಂದು ನಾವು ಊರಲ್ಲಿರಬೇಕಷ್ಟೆ. ಉಳಿದ ಎರಡು ಪುಸ್ತಕಗಳನ್ನಾದರೂ ನಮ್ಮ ಸ್ವಂತ ಮನೆಯಿಂದಲೇ ಲೋಕಕ್ಕೆ ತೋರಿಸೋಣವೆಂದು ನಿಶ್ಚಯಿಸಿದೆವು.

ಜಾಲತಾಣ ನಡೆಸಲು ಭಾರೀ ಯಂತ್ರವೇ ಬೇಕೆಂಬುದು ತಪ್ಪು ತಿಳಿವಳಿಕೆ. ಟಿಮ್ ಬರ್ನರ್ಸ್-ಲೀ ಅವರು 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಜಗತ್ತಿನ ಮೊತ್ತಮೊದಲ ಜಾಲತಾಣವನ್ನು ನಡೆಸಿದ್ದು ತಮ್ಮ ಮೇಜಿನ ನೆಕ್ಸ್ಟ್ ಗಣಕಯಂತ್ರದಿಂದಲೇ. ಯಾರೂ ಅದನ್ನು ಆರಿಸಬಾರದೆಂದು ಅದಕ್ಕೆ ಕೆಂಪು ಶಾಯಿಯಲ್ಲಿ ಚೀಟಿ ಬರೆದು ಅಂಟಿಸಿದ್ದರು. ನಮ್ಮ ಮನೆಯಲ್ಲಿ ಮೊದಲ ವಾರವೇ ಕಸ ಗುಡಿಸುವಾಗ ಪ್ಲಗ್ಗು ಕಿತ್ತು ತಾಣ ನಿಂತುಹೋಯಿತು. ನಾವೂ ಒಂದು ಚೀಟಿ ಅಂಟಿಸಿದೆವು!

ಲೆಕ್ಕವನ್ನೂ ನೋಡೋಣ. ಇಂದು ಬಳಕೆಯಲ್ಲಿರುವ ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್ ಹಿಡಿಯುತ್ತದೆ. ಪುಟಕ್ಕೆ 1,000 ಸಂಕೇತಗಳಂತೆ 200 ಪುಟಗಳ ನೋಟುಬುಕ್ಕಿಗೆ 6 ಲಕ್ಷ ಬೈಟ್ ಸಾಕು. ಫೋನಿನಲ್ಲಿ ತೆಗೆದ ಒಂದೇ ಚಿತ್ರ ಇದರ ಹಲವು ಪಟ್ಟು ಇರುತ್ತದೆ. ಆದುದರಿಂದ ಬರಿಯ ಬರಹದ ಪುಟಗಳಿಗೆ ಹಳೆಯ ಯಂತ್ರ ಧಾರಾಳವಾಯಿತು. ಧೂಳು ಕೊಡವಿ, ಒಳಗಿನ ನಾಣ್ಯದಾಕಾರದ ಬ್ಯಾಟರಿ ಬದಲಿಸಿ, ಡೆಬಿಯನ್ ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯನ್ನೂ ಪುಟಗಳನ್ನು ಬಡಿಸುವ ಅಪಾಚೆ ತಂತ್ರಾಂಶವನ್ನೂ ಅಳವಡಿಸಿದೆವು. ಒಂದು ಎಚ್ಚರಿಕೆ: 2025ರಲ್ಲಿ ಬಂದ ಡೆಬಿಯನ್ 13ನ್ನು 32 ಬಿಟ್‌ನ ಅತಿ ಹಳೆಯ ಯಂತ್ರಗಳ ಮೇಲೆ ಹೊಸದಾಗಿ ಸ್ಥಾಪಿಸಲಾಗದು, 64 ಬಿಟ್‌ನದೇ ಬೇಕು.

ಸಿ.ಡಿ. ತೆರೆದಾಗ ಹಾಡುಗಳ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡು ಎದೆ ಝಲ್ಲೆಂದಿತು. ಹಿಂದಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ವೇಷ ತೊಡಿಸುತ್ತಿದ್ದವು; ಆ ಫಾಂಟ್ ಇಲ್ಲದೆಡೆ ವೇಷ ಕಳಚಿ ಬೀಳುತ್ತಿತ್ತು. ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಂದು, ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿದೆವು. ನಿಮ್ಮಲ್ಲಿ ಹಳೆಯ ಕನ್ನಡ ಕಡತಗಳಿದ್ದರೆ ಈ ಕೆಲಸವನ್ನು ಮೊದಲು ಮಾಡಿರಿ.

ನಿಜವಾದ ತೊಡಕು ವಿಳಾಸದ್ದು. ಜಾಲದಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಸಂಖ್ಯೆಯುಂಟು. ಮನೆಗಳ ಸಂಪರ್ಕದಲ್ಲಿ ಅದು ಆಗಾಗ ಬದಲಾಗುತ್ತದೆ. ಸಾಲದುದಕ್ಕೆ ಅನೇಕ ಸಂಸ್ಥೆಗಳು ನೂರಾರು ಮನೆಗಳಿಗೆ ಒಂದೇ ಹೊರಸಂಖ್ಯೆ ಹಂಚುತ್ತವೆ. ದೊಡ್ಡ ವಾಡೆಯಲ್ಲಿ ಹತ್ತು ಸಂಸಾರಗಳಿದ್ದು ತಲೆಬಾಗಿಲಿಗೆ ಒಂದೇ ನಂಬರಿದ್ದಂತೆ: ಒಳಗಿನವರು ಹೊರಗೆ ಹೋಗಿಬರಬಹುದು, ಹೊಸದಾಗಿ ಬಂದವನಿಗೆ ಯಾರ ಕೋಣೆ ಯಾವುದೆಂದು ತಿಳಿಯದು. ನಾವು ಸಂಪರ್ಕ ನೀಡುವವರಿಂದ ತಿಂಗಳಿಗೆ ಹೆಚ್ಚಿನ ಹಣ ಕೊಟ್ಟು ಸ್ಥಿರ ಸಂಖ್ಯೆ ಪಡೆದೆವು. ಬಳಿಕ ರೂಟರಿನಲ್ಲಿ 80 ಮತ್ತು 443 ಎಂಬ ಎರಡೇ ದ್ವಾರಗಳನ್ನು ತೆರೆದು ಈ ಯಂತ್ರಕ್ಕೆ ದಾರಿ ಮಾಡಿದೆವು.

ಬಾಗಿಲು ತೆರೆದ ಮೇಲೆ ಅತಿಥಿಗಳಷ್ಟೇ ಬರುವುದಿಲ್ಲ. ಮೊದಲ ದಿನವೇ ದಾಖಲೆ ಪುಸ್ತಕದಲ್ಲಿ ಸಾಲುಸಾಲು ಅಪರಿಚಿತ ಭೇಟಿಗಳು ಕಂಡವು. ಹಾಡು ಓದುವವರಲ್ಲ, ಎಲ್ಲಿ ಚಿಲಕ ಸಡಿಲವಿದೆಯೆಂದು ತಡಕುವ ಸ್ವಯಂಚಾಲಿತ ತಂತ್ರಗಳು. ಆದಕಾರಣ ಭದ್ರತಾ ಪರಿಷ್ಕರಣೆಗಳನ್ನು ತಪ್ಪದೆ ಹಾಕಬೇಕು. ಮನೆಯ ಉಳಿದ ಯಂತ್ರಗಳಿಂದ ಇದನ್ನು ಬೇರೆ ಜಾಲದಲ್ಲಿ ಇಡಬೇಕು. ಬ್ಯಾಂಕಿನ ಕಾಗದವಾಗಲಿ ಮದುವೆಯ ಚಿತ್ರಗಳಾಗಲಿ ಇದರಲ್ಲಿರಕೂಡದು. ವಂಶಾವಳಿ ಪ್ರಕಟಿಸುವವರು ಬದುಕಿರುವವರ ಜನ್ಮದಿನ, ವಿಳಾಸ, ಫೋನ್ ಸಂಖ್ಯೆಗಳನ್ನು ಬಿಟ್ಟೇ ಬರೆಯುವುದು ಲೇಸು. ಓದುವವರಿಗೂ ತಾಣಕ್ಕೂ ನಡುವಣ ಮಾತನ್ನು ಗುಪ್ತವಾಗಿಡುವ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ 2015ರ ಕೊನೆಯಿಂದ ಎಲ್ಲರಿಗೂ ಉಚಿತವಾಗಿ ನೀಡುತ್ತ ಬಂದಿದೆ. ಅದರ ಆಯುಷ್ಯ ಹೆಚ್ಚೆಂದರೆ 90 ದಿನ. ತಾನಾಗಿ ನವೀಕರಣವಾಗುವಂತೆ ಏರ್ಪಡಿಸಬೇಕು.

ಖರ್ಚಿಲ್ಲವೆಂದು ಹೇಳಲಾರೆವು. 50 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ಉರಿದರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್. ಹಳೆಯ ಲ್ಯಾಪ್‌ಟಾಪ್ ಇದ್ದರೆ ಇದಕ್ಕಿಂತ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ. ಆದರೆ ಅದರ ಬ್ಯಾಟರಿ ಉಬ್ಬಿದೆಯೇ ಎಂದು ನೋಡುತ್ತಿರಬೇಕು, ಉಬ್ಬಿದ್ದರೆ ಬಳಸಲೇಬಾರದು. ಜಾಲತಾಣದ ಹೆಸರು ಕೂಡ ನಮ್ಮ ಸ್ವಂತದ್ದಲ್ಲ, ವರ್ಷವರ್ಷ ಹಣ ಕಟ್ಟಬೇಕು. ಮರೆತರೆ ಆ ಹೆಸರು ಬೇರೆಯವರ ಪಾಲಾಗಬಹುದು.

ಇಷ್ಟೆಲ್ಲ ಮಾಡಿ ಸ್ವಂತ ಮನೆಯಲ್ಲಿದೆಯೆಂದು ಬೀಗುತ್ತಿರುವಾಗ ಕಳೆದ ಮುಂಗಾರಿನಲ್ಲಿ ಒಂದು ರಾತ್ರಿ ಗುಡುಗು ಮಳೆ. ವಿದ್ಯುತ್ತು ನಾಲ್ಕಾರು ಬಾರಿ ಹೋಗಿ ಬಂದಿತು. ಬೆಳಿಗ್ಗೆ ನೋಡಿದರೆ ಹಾರ್ಡ್ ಡಿಸ್ಕ್ ಟಕಟಕ ಸದ್ದು ಮಾಡುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಅದೃಷ್ಟಕ್ಕೆ ಮೊಮ್ಮಗಳು ತಿಂಗಳಿಗೊಮ್ಮೆ ಎಲ್ಲ ಪುಟಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದು ಹುಬ್ಬಳ್ಳಿಯ ನಮ್ಮ ತಂಗಿಯ ಮನೆಗೆ ಕಳಿಸುತ್ತಿದ್ದಳು. ಬೇರೆ ಡಿಸ್ಕ್ ಹಾಕಿ ಎರಡೇ ದಿನಗಳಲ್ಲಿ ತಾಣವನ್ನು ಮತ್ತೆ ಎಬ್ಬಿಸಿದೆವು. ಒಂದು ಸಣ್ಣ ಯು.ಪಿ.ಎಸ್. ಕೂಡ ತಂದೆವು.

ಅಂದು ನಮಗೆ ಮನದಟ್ಟಾದುದಿಷ್ಟು: ಮೂರನೆಯ ಪುಸ್ತಕವನ್ನು ಕಳೆದದ್ದು ಬೇರೆಯವರ ತಾಣವಲ್ಲ, ನಮ್ಮ ಅಲಕ್ಷ್ಯ. ಆಗ ಅದರ ಒಂದು ಪ್ರತಿ ನಮ್ಮ ಬಳಿ ಇದ್ದಿದ್ದರೆ ಯಾವ ತಾಣ ಮುಚ್ಚಿದರೂ ಚಿಂತೆಯಿರಲಿಲ್ಲ. ಸ್ವಂತ ಯಂತ್ರವೂ ಶಾಶ್ವತವಲ್ಲ. ನೋಡಿಕೊಳ್ಳುವ ಕೈ ಇರುವತನಕ ಮಾತ್ರ ಅದು ಸ್ವಂತದ್ದು. ಈಗ ತಾಣ ನಡೆಸುವ ಕ್ರಮವನ್ನೂ ಹಣ ಕಟ್ಟುವ ದಿನಾಂಕಗಳನ್ನೂ ಒಂದು ವಹಿಯಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆಗಿಟ್ಟಿದ್ದೇವೆ. ನಮ್ಮ ನಂತರ ಮೊಮ್ಮಗಳು ಯಾರನ್ನೂ ಕೇಳದೆ ನಡೆಸಬಲ್ಲಳು.

ಈ ಶ್ರಮಕ್ಕೆ ಫಲ ಅನಿರೀಕ್ಷಿತ ದಿಕ್ಕಿನಿಂದ ಬಂದಿತು. ಸೊಲ್ಲಾಪುರದಲ್ಲಿರುವ ನಮ್ಮ ಸೋದರತ್ತೆಗೆ ಅವರ ಸೊಸೆ ಫೋನಿನಲ್ಲಿ ಈ ಪುಟಗಳನ್ನು ಓದಿ ಹೇಳಿದಳಂತೆ. ಅದೇ ಸಂಜೆ ಅತ್ತೆಯವರ ಕರೆ: “ಅದು ಹಂಗಲ್ಲೋ ತಮ್ಮಾ, ಅವ್ವ ಬ್ಯಾರೆ ಹಾಡತಿದ್ಲು.” ತಿದ್ದುಪಡಿ ಹೇಳುತ್ತ ಹೇಳುತ್ತ ಅವರು ಹಾಡತೊಡಗಿದರು. ಅವುಗಳಲ್ಲಿ ಎರಡು, ಗೆದ್ದಲು ತಿಂದ ಪುಸ್ತಕದ ಹಾಡುಗಳು. ಮೊಮ್ಮಗಳು ಕೇಳಿಸಿಕೊಂಡು ಬರೆದುಕೊಂಡಳು. ರಾತ್ರಿ ಊಟಕ್ಕೆ ಮೊದಲು ಅವು ತಾಣದಲ್ಲಿದ್ದವು. ಮರುದಿನ ಹುಬ್ಬಳ್ಳಿಗೆ ಪ್ರತಿಯೂ ಹೋಯಿತು.

ಓದುಗ ಬಂಧುಗಳೇ, ನಿಮ್ಮ ಮನೆಯ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಮನೆಯ ಹಿರಿಯರ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿರಿ. ಅದರಲ್ಲಿ ಏನಾದರೂ ಬರೆದದ್ದಿದ್ದರೆ ಮೊದಲು ಅದರ ಪ್ರತಿ ಮಾಡಿರಿ. ಹಾಡಬಲ್ಲ, ಹೇಳಬಲ್ಲ ಹಿರಿಯರಿದ್ದರೆ ಇಂದೇ ಕೇಳಿರಿ. ಯಂತ್ರದ ಕೆಲಸ ಆಮೇಲೆ ಆದೀತು.