ದಾರಿ ತಪ್ಪುವ ಹಕ್ಕು

'ಎಲ್ಡನ್ ರಿಂಗ್' ಆಡಲು ಶುರು ಮಾಡುತ್ತಿದ್ದೇನೆ ಎಂದು ಆಟದ ಹುಚ್ಚಿರುವ ಯಾರಿಗಾದರೂ ಹೇಳಿ ನೋಡಿ. ನೀವು ಕೇಳದೆಯೇ ಸಲಹೆಗಳು ಬಂದು ಬೀಳುತ್ತವೆ. ಯಾವ ಪಾತ್ರ ಆರಿಸಿಕೊಳ್ಳಬೇಕು, ಮೊದಲ ಅರ್ಧ ಗಂಟೆಯಲ್ಲಿ ಯಾವ ಕತ್ತಿ ಹುಡುಕಿಕೊಳ್ಳಬೇಕು, ಎಲ್ಲಿ ನಿಂತು ಯಾರನ್ನು ಕೊಂದರೆ ಬೇಗ ಬಲ ಬರುತ್ತದೆ, ಯಾವ ಪೆಟ್ಟಿಗೆಯ ಮುಚ್ಚಳ ತೆರೆಯಲೇಬಾರದು. ಯೂಟ್ಯೂಬಿನಲ್ಲಂತೂ 'ಆಡುವ ಮೊದಲು ತಿಳಿದಿರಬೇಕಾದ ಸಂಗತಿಗಳು' ಎಂಬ ಜಾತಿಯ ವಿಡಿಯೊಗಳಿಗೆ ಲೆಕ್ಕವೇ ಇಲ್ಲ. ಇವುಗಳಲ್ಲಿ ಬಹುಪಾಲು ಹೊಸಬರಿಗೆ ಮಾಡುವ ಉಪಕಾರವಲ್ಲ, ಅನ್ಯಾಯ ಎಂಬುದು ನನ್ನ ವಾದ. ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಇದೇ ಅನ್ಯಾಯವನ್ನು ನಾವು ನಮ್ಮ ತರಗತಿಗಳಲ್ಲಿ ಪುಸ್ತಕಗಳಿಗೂ ಮಾಡುತ್ತಿದ್ದೇವೆ.

ಪರಿಚಯವಿಲ್ಲದವರಿಗೆ ಎರಡು ಮಾತು. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ ಈ ಆಟ ಹೊರಬಂದದ್ದು 2022ರ ಫೆಬ್ರವರಿ 25ರಂದು. ನಿರ್ದೇಶಕ ಹಿದೆತಾಕಾ ಮಿಯಾಝಾಕಿ. ಆಟ ಶುರುವಾಗುವ ಮೊದಲೇ ನಡೆದುಹೋದ ಕತೆಯನ್ನು, ಅಂದರೆ ಆ ಲೋಕದ ಪುರಾಣವನ್ನು ಬರೆದುಕೊಟ್ಟವರು 'ಗೇಮ್ ಆಫ್ ಥ್ರೋನ್ಸ್' ಖ್ಯಾತಿಯ ಜಾರ್ಜ್ ಆರ್. ಆರ್. ಮಾರ್ಟಿನ್. ಎಲ್ಡನ್ ರಿಂಗ್ ಎಂಬ ದೈವೀ ವಸ್ತು ಒಡೆದುಹೋಗಿದೆ. ಅದರ ಚೂರುಗಳಿಗಾಗಿ ದಾಯಾದಿಗಳು ಹೊಡೆದಾಡಿ ನಾಡು ಹಾಳಾಗಿದೆ. ಹಿಂದೊಮ್ಮೆ ಆ ನಾಡಿನಿಂದ ಗಡೀಪಾರಾದವರ ಪೈಕಿ ನೀವೊಬ್ಬರು, ಈಗ ಮರಳಿ ಬರುತ್ತಿದ್ದೀರಿ. ಇಷ್ಟು ಹೇಳಿ ಆಟ ಬಾಯಿ ಮುಚ್ಚಿಕೊಳ್ಳುತ್ತದೆ.

ಶುರುವಾಗುವುದೇ ಸೋಲಿನಿಂದ. ಹತ್ತು ಬಗೆಯ ಪಾತ್ರಗಳಲ್ಲಿ ಒಂದನ್ನು ಆರಿಸಿಕೊಂಡು ಪಾಳು ಪ್ರಾರ್ಥನಾಮಂದಿರದಿಂದ ಹೊರಬಂದರೆ, ಹಲವು ಕೈಗಳನ್ನು ಮೈಗೆ ಕಸಿ ಮಾಡಿಕೊಂಡ ವಿಕಾರ ಜೀವಿಯೊಂದು ಮೇಲೆ ಬೀಳುತ್ತದೆ. ಹೊಸಬರಲ್ಲಿ ಹೆಚ್ಚಿನವರು ಅಲ್ಲೇ ಸಾಯುತ್ತಾರೆ. ಹೇಗೋ ಗೆದ್ದವರೂ ಬಂಡೆಯಂಚು ಕುಸಿದು ಕೆಳಗೆ ಬೀಳುತ್ತಾರೆ. ಕಣ್ಣು ಬಿಟ್ಟರೆ ಇನ್ನೊಂದು ಜಾಗ. ಕತ್ತಿ ಬೀಸುವುದು, ಗುರಾಣಿ ಹಿಡಿಯುವುದು ಹೇಗೆಂಬ ಪಾಠ ಅಲ್ಲೇ ಇದೆ, ಆದರೆ ಒಂದು ಗುಂಡಿಯೊಳಗೆ. ಗುಂಡಿಯ ಅಂಚಿನಲ್ಲಿ ಕೂತ ಪ್ರೇತವೊಂದು ಧೈರ್ಯ ಮಾಡಿ ಹಾರು ಎನ್ನುತ್ತದೆ. ಆಗಷ್ಟೇ ಸತ್ತು ಎದ್ದವರು ಯಾಕಾದರೂ ಹಾರಿಯಾರು?

ಗುಹೆಯಿಂದ ಹೊರಗೆ ಬಂದರೆ ಲಿಮ್‌ಗ್ರೇವ್ ಎಂಬ ಹಸಿರು ಬಯಲು. ದೂರದಲ್ಲಿ ಆಕಾಶಕ್ಕೆ ಹರಡಿಕೊಂಡ ಚಿನ್ನದ ಮರ. ಎದುರಿಗೇ ಚಿನ್ನದ ಕವಚ ತೊಟ್ಟ ಕುದುರೆ ಸವಾರ. ಹೆಸರು ಟ್ರೀ ಸೆಂಟಿನೆಲ್. ಈವರೆಗೆ ನಾವು ಆಡಿದ ಆಟಗಳೆಲ್ಲ ಒಂದು ಅಭ್ಯಾಸ ಮಾಡಿಸಿವೆ: ಮೊದಲು ಎದುರಾಗುವವನು ಸೋಲಲಿಕ್ಕೆಂದೇ ನಿಂತಿರುತ್ತಾನೆ. ಆ ನಂಬಿಕೆಯಲ್ಲಿ ಹತ್ತಿರ ಹೋದವರನ್ನು ಈ ಸವಾರ ಒಂದೆರಡು ಏಟಿನಲ್ಲಿ ಮುಗಿಸುತ್ತಾನೆ. ಮತ್ತೆ ಹೋಗುತ್ತೀರಿ, ಮತ್ತೆ ಸಾಯುತ್ತೀರಿ. ಮೂರನೆಯದೋ ನಾಲ್ಕನೆಯದೋ ಸಲ ಒಂದು ಪ್ರಶ್ನೆ ಹುಟ್ಟುತ್ತದೆ: ಇವನನ್ನು ಈಗಲೇ ಸೋಲಿಸಬೇಕೆಂದು ನನಗೆ ಹೇಳಿದವರು ಯಾರು? ಬದಿಯ ಮರಗಳ ಮರೆಯಲ್ಲಿ ಸುತ್ತಿಕೊಂಡು ಹೋದರೆ ಆಯಿತಲ್ಲ!

ಈ ಪ್ರಶ್ನೆ ಆಟಗಾರನೊಳಗೆ ತಾನಾಗಿ ಹುಟ್ಟಬೇಕು. ಆ ಸವಾರನನ್ನು ಅಲ್ಲಿ ನಿಲ್ಲಿಸಿರುವುದೇ ಅದಕ್ಕೆ. 'ಕುದುರೆ ಸವಾರನ ಗೊಡವೆಗೆ ಹೋಗಬೇಡಿ, ಎಡಕ್ಕೆ ಸುತ್ತಿ ಹೋಗಿ' ಎಂದು ವಿಡಿಯೊ ಮೊದಲೇ ಹೇಳಿಬಿಟ್ಟರೆ ನಿಮ್ಮ ಹತ್ತು ನಿಮಿಷ ಉಳಿಯುತ್ತದೆ, ಪ್ರಶ್ನೆ ಹೋಗುತ್ತದೆ. ಆಮೇಲೆ ಅವನು ರಸ್ತೆಯಲ್ಲಿನ ಒಂದು ಹಂಪ್ ಅಷ್ಟೆ.

ಪೆಟ್ಟಿಗೆಯ ಕತೆಯೂ ಹೀಗೆಯೇ. ಲಿಮ್‌ಗ್ರೇವ್‌ನ ಕೆರೆಯ ಬಳಿ ಸುಟ್ಟು ಹಾಳಾದ ಕಟ್ಟಡಗಳಿವೆ. ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ. ತೆರೆದರೆ ಹೊಗೆ ಕವಿದು ನಿಮ್ಮನ್ನು ಕೇಲಿಡ್ ಎಂಬ ದೂರದ ಸೀಮೆಯ ಗಣಿಯೊಳಗೆ ಎಸೆಯುತ್ತದೆ. ಗಣಿಯಿಂದ ಹೊರಬೀಳುವ ತನಕ ನಕಾಶೆ ಬಳಸಿ ವಾಪಸು ಹಾರಲೂ ಆಗದು. ಒದ್ದಾಡಿ ಹೊರಗೆ ಬಂದರೆ ಆಕಾಶವೇ ಕೆಂಪು, ನೆಲವೇ ಕೊಳೆತಿದೆ. ಲೋಕ ಎಷ್ಟು ದೊಡ್ಡದು, ತಾನೆಷ್ಟು ಸಣ್ಣವನು ಎಂಬುದು ನಕಾಶೆ ನೋಡಿ ಗೊತ್ತಾಗುವುದಿಲ್ಲ, ಹೀಗೆ ಗೊತ್ತಾಗುತ್ತದೆ. ನಮ್ಮ ಸಲಹೆಗಾರರು ಅದನ್ನು 'ಎಚ್ಚರಿಕೆ' ಎಂಬ ಪಟ್ಟಿಯಲ್ಲಿ ಎರಡನೆಯ ಸಾಲಾಗಿ ಬರೆದಿಟ್ಟಿರುತ್ತಾರೆ.

ಮಿಯಾಝಾಕಿ ತಮ್ಮ ಬಾಲ್ಯದ ಓದಿನ ಬಗ್ಗೆ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಬಡ ಕುಟುಂಬ, ಪುಸ್ತಕ ಕೊಳ್ಳಲು ಹಣವಿಲ್ಲ. ಗ್ರಂಥಾಲಯದಿಂದ ತನ್ನ ವಯಸ್ಸಿಗೆ ಮೀರಿದ ಪುಸ್ತಕಗಳನ್ನು ತಂದು ಓದುವುದು. ಅರ್ಥವಾಗದ ಭಾಗಗಳನ್ನು ಚಿತ್ರಗಳ ಸಹಾಯದಿಂದ ತಾನೇ ಊಹಿಸಿ ತುಂಬಿಕೊಳ್ಳುವುದು. ಎಲ್ಡನ್ ರಿಂಗ್ ಕತೆ ಹೇಳುವ ಬಗೆಯೂ ಇದೇ. ಒಂದು ಉಂಗುರದ ವಿವರಣೆಯಲ್ಲಿ ಎರಡು ಸಾಲು, ಒಂದು ಹಳೆ ಕವಚದ ಕೆಳಗೆ ಇನ್ನೆರಡು ಸಾಲು. ಉಳಿದದ್ದನ್ನು ನಾವು ಜೋಡಿಸಿಕೊಳ್ಳಬೇಕು.

ಈ ಆಟದಲ್ಲಿ ಕನ್ನಡವಿಲ್ಲ. ಹಳೆಯ ಕಾಲದ ಇಂಗ್ಲಿಷಿನ ಸೊಗಡಿರುವ ಆ ಸಾಲುಗಳನ್ನು, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಅರ್ಧ ಅರ್ಥಮಾಡಿಕೊಂಡು, ಇನ್ನರ್ಧ ಊಹಿಸಿಕೊಂಡು ಓದಿದೆ. ನನಗೆ ಅದು ಕೊರತೆ ಅನ್ನಿಸಲಿಲ್ಲ. ನಮ್ಮಲ್ಲಿ ಅನೇಕರು ಇಂಗ್ಲಿಷ್ ಕಾದಂಬರಿಗಳನ್ನು ಮೊದಲು ಓದಿದ್ದು ಹೀಗೆಯೇ. ಹಳಗನ್ನಡ ಕಾವ್ಯವನ್ನು ಮೊದಲು ಮುಟ್ಟಿದ್ದೂ ಹೀಗೆಯೇ. ಅರ್ಧ ತಿಳಿದ ಸ್ಥಿತಿಯಲ್ಲಿ ಓದುವ ಶಕ್ತಿ ನಮಗೆ ಇದೆ. ಅದನ್ನು ಅವಮಾನವೆಂದು ಕಲಿಸಿದವರು ಗೈಡ್ ಮಾರುವವರು.

ಈಗ ನಮ್ಮ ತರಗತಿಗೆ ಬನ್ನಿ. ಪಂಪಭಾರತ ಪಠ್ಯವಾಗಿರುವ ಎಷ್ಟು ತರಗತಿಗಳಲ್ಲಿ ವಿದ್ಯಾರ್ಥಿ ಮೊದಲು ತೆರೆಯುವುದು ಪಂಪನನ್ನು? ಮೊದಲು ಬರುವುದು ನೋಟ್ಸು. ಅದರಲ್ಲಿ ಕರ್ಣನ ಪಾತ್ರಚಿತ್ರಣ ಐದು ಅಂಶಗಳಲ್ಲಿ ಸಿದ್ಧವಾಗಿದೆ. ಆಮೇಲೆ ಪದ್ಯ ಓದಿದರೂ ಆ ಐದು ಅಂಶಗಳನ್ನು ಹುಡುಕಲಿಕ್ಕೆ ಓದುತ್ತಾನೆ. ಆರನೆಯದು ಕಣ್ಣಿಗೇ ಬೀಳುವುದಿಲ್ಲ. ಸಂಶೋಧನೆಯ ಮಟ್ಟದಲ್ಲಿ ಇದು ಹೋಗುತ್ತದೆ ಎಂದುಕೊಳ್ಳಬೇಡಿ. ಪಿಎಚ್.ಡಿ. ನೋಂದಣಿಗೆ ನಾನು ಸಲ್ಲಿಸಿದ ಸಿನಾಪ್ಸಿಸ್‌ನಲ್ಲಿ 'ನಿರೀಕ್ಷಿತ ಫಲಿತಗಳು' ಎಂಬ ಒಂದು ಭಾಗ ಇರಲೇಬೇಕಿತ್ತು. ಆಕರಗಳನ್ನು ಓದುವ ಮೊದಲೇ ಓದಿ ಏನು ಸಿಗುತ್ತದೆಂದು ಬರೆದುಕೊಡಬೇಕು. ಸಿಗುವುದು ಗೊತ್ತಿದ್ದರೆ ಹುಡುಕುವುದು ಯಾತಕ್ಕೆ?

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. 'ನಿನಗೇನಪ್ಪಾ, ಪುರುಸೊತ್ತಿದೆ. ಸಾವಿರಾರು ರೂಪಾಯಿ ಕೊಟ್ಟು ಆಟ ಕೊಂಡವನು, ದಿನಕ್ಕೆ ಒಂದು ಗಂಟೆ ಬಿಡುವಿರುವವನು ದಾರಿ ತಪ್ಪಿಕೊಂಡು ಅಲೆಯಬೇಕೇ?' ಇದು ತಳ್ಳಿಹಾಕುವ ಮಾತಲ್ಲ. ಆದರೆ ಬಿಡುವು ಕಡಿಮೆ ಇರುವವರು ಆ ಒಂದು ಗಂಟೆಯನ್ನು ಬೇರೆಯವರ ಪಟ್ಟಿಗೆ ಗುರುತು ಹಾಕುವುದರಲ್ಲಿ ಕಳೆದರೆ ಉಳಿತಾಯವಾಗುವುದು ಏನು? ಈ ಆಟದಲ್ಲಿ ಬೇಗ ತಲುಪಬೇಕಾದ ಜಾಗವೇ ಇಲ್ಲ. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ಎಂಬವನು ತಡೆದು ಹೊಡೆದುಹಾಕುತ್ತಾನೆ. ದಾರಿ ತೋರುವ ಚಿನ್ನದ ಬೆಳಕು ಅವನ ಕಡೆಗೇ ಬೆರಳು ಮಾಡುತ್ತದೆ. ಆದರೆ ಈಗಲೇ ಹೋಗು ಎನ್ನುವುದಿಲ್ಲ. ದಕ್ಷಿಣಕ್ಕೆ ವೀಪಿಂಗ್ ಪೆನಿನ್ಸುಲಾ ಎಂಬ ಮಳೆಯ ನಾಡು ಇಡಿಯಾಗಿ ಕಾದಿದೆ. ನಾನು ಅಲ್ಲಿ ವಾರಗಟ್ಟಲೆ ಇದ್ದೆ, ಮುಂದೆ ಹೋಗುವ ಯೋಚನೆಯೇ ಬರಲಿಲ್ಲ.

ಇನ್ನೊಂದು ಗುಂಪಿನವರು ನನ್ನ ಬೆನ್ನು ತಟ್ಟುವ ಮೊದಲೇ ಅವರಿಗೂ ಒಂದು ಮಾತು. ಯಾರ ಸಹಾಯವೂ ಇಲ್ಲದೆ ಗೆದ್ದವನೇ ಗಂಡಸು, ಉಳಿದವರು ಆಡಲು ಯೋಗ್ಯರಲ್ಲ ಎನ್ನುವವರು ಇವರು. ನಮ್ಮ ವಿಭಾಗಗಳಲ್ಲೂ ಇದ್ದಾರೆ, ಹಳಗನ್ನಡ ತಡವರಿಸಿ ಓದುವವರನ್ನು ನೋಡಿ ನಗುವವರು. ಇವರಿಗೆ ಆಟವೇ ಉತ್ತರ ಕೊಡುತ್ತದೆ. ಪ್ರೇತಗಳನ್ನು ಜೊತೆಗೆ ಕರೆಯಬಹುದು, ಬೇರೆ ಆಟಗಾರರನ್ನು ಸಹಾಯಕ್ಕೆ ಕೂಗಬಹುದು. ನೆಲದ ಮೇಲಿನ ರಕ್ತದ ಕಲೆ ಮುಟ್ಟಿದರೆ ಅಲ್ಲಿ ಇನ್ನೊಬ್ಬ ಹೇಗೆ ಸತ್ತನೆಂದು ಕಾಣುತ್ತದೆ. ಆಟಗಾರರು ಸಿದ್ಧ ಪದಗಳನ್ನು ಜೋಡಿಸಿ ಒಬ್ಬರಿಗೊಬ್ಬರು ಸಂದೇಶ ಬಿಟ್ಟುಹೋಗುತ್ತಾರೆ. ನಿಮ್ಮ ಸಂದೇಶವನ್ನು ಯಾರಾದರೂ ಮೆಚ್ಚಿದರೆ, ಎಲ್ಲೋ ಹೊಡೆದಾಡುತ್ತಿರುವ ನಿಮಗೆ ಜೀವ ಮರಳುತ್ತದೆ. ಹಿಮದ ಏರಿನಲ್ಲಿ ಸಿಕ್ಕಿಕೊಂಡಾಗ ಕಾರುಗಳು ಒಂದನ್ನೊಂದು ತಳ್ಳಿ ಮೇಲೇರಿಸಿದ ಅನುಭವದಿಂದ ತಮಗೆ ಇಂಥ ಪರಸ್ಪರ ಸಹಾಯದ ಕಲ್ಪನೆ ಬಂತೆಂದು ಮಿಯಾಝಾಕಿ ಹೇಳಿದ್ದಾರೆ. ಈ ಸಂದೇಶಗಳಲ್ಲಿ ಸುಳ್ಳೂ ಇರುತ್ತವೆ. ಪ್ರಪಾತದ ಅಂಚಿನಲ್ಲಿ 'ಹಾರು' ಎಂದು ಬರೆದಿಡುವ ತರಲೆಗಳಿದ್ದಾರೆ. ನಂಬಬೇಕೋ ಬಿಡಬೇಕೋ ನೀವೇ ತೀರ್ಮಾನಿಸಬೇಕು. ಅಂದರೆ ಆ ಸಹಾಯವನ್ನೂ ಓದಬೇಕು.

ಹಾಗಾಗಿ ಹೊಸಬರಿಗೆ ಏನೂ ಹೇಳಬೇಡಿ ಎಂಬುದು ನನ್ನ ವಾದವಲ್ಲ. ಸತ್ತರೆ ಕೈಯಲ್ಲಿದ್ದ ರೂನ್‌ಗಳು ಅಲ್ಲೇ ಬಿದ್ದಿರುತ್ತವೆ, ಹೋಗಿ ಎತ್ತಿಕೊಳ್ಳಬಹುದು, ಅಷ್ಟರಲ್ಲಿ ಮತ್ತೆ ಸತ್ತರೆ ಹೋದವು ಎಂದು ಹೇಳಿ. ಪ್ರಾಣಬಲ ಹೆಚ್ಚಿಸುವ ವಿಗರ್ ಅನ್ನು ಕಡೆಗಣಿಸಬೇಡಿ ಎನ್ನಿ. ಹೊರಗಿನ ಗ್ರೇಸ್ ತಾಣಗಳಲ್ಲಿ ಕೂರುತ್ತ ಹೋದರೆ ಮೆಲೀನಾ ಬಂದು ಕುದುರೆ ಕೊಡುತ್ತಾಳೆ ಎಂದೂ ಹೇಳಿ. ಇದು ನಿಘಂಟು ಕೊಟ್ಟಂತೆ, ಛಂದಸ್ಸು ಕಲಿಸಿದಂತೆ. ಪದದ ಅರ್ಥ ಹೇಳಿಕೊಡುವುದು ಮೇಷ್ಟರ ಕೆಲಸ. ಪದ್ಯದ ಅರ್ಥವನ್ನು ಪದ್ಯಕ್ಕಿಂತ ಮೊದಲೇ ಕೊಟ್ಟುಬಿಡುವುದು ಅವರ ಕೆಲಸವಲ್ಲ.

ಹೊಸಬರು 'ಎಲ್ಲಿಗೆ ಹೋಗಲಿ' ಎಂದು ಕೇಳುತ್ತಾರೆ. 'ಎಲ್ಲೆಲ್ಲಿ ಹೋಗಿ ಬಂದೆ, ಏನು ಕಂಡೆ' ಎಂದು ಅವರನ್ನೇ ತಿರುಗಿ ಕೇಳೋಣ. ತರಗತಿಯಲ್ಲೂ ನೋಟ್ಸ್ ಹಂಚುವ ಮೊದಲು ಒಂದು ವಾರ ಇದೇ ಪ್ರಶ್ನೆ ಕೇಳಿ ನೋಡೋಣ. ತಪ್ಪು ಉತ್ತರಗಳು ಬರುತ್ತವೆ, ಬರಲಿ. ಅವು ಓದಿದವರ ತಪ್ಪುಗಳಾಗಿರುತ್ತವೆ.