ಬಣ್ಣದ ಮೀನಿಗೆ ಔಷಧಿ ಬೇಡ, ಮೇವು ಸರಿ ಮಾಡಿ

ಕೃಷಿ ಹೊಂಡ ಇರೋ, ಹಿತ್ತಲಲ್ಲಿ ಸಿಮೆಂಟ್ ತೊಟ್ಟಿ ಇರೋ ಹುಡುಗರು ಈಗ ಗೋಲ್ಡ್‌ಫಿಶ್, ಕೋಯಿ, ಗಪ್ಪಿ ಸಾಕೋಕೆ ಇಳಿದಿದ್ದಾರೆ. ಒಳ್ಳೇದೇ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೂ ಜಾಗ ಇದೆ. ಆದರೆ ಸಾಕಲು ಶುರು ಮಾಡಿದವರು ನನ್ನನ್ನು ಕೇಳೋ ಮೊದಲ ಪ್ರಶ್ನೆ ಬಹುತೇಕ ಒಂದೇ: "ಅಣ್ಣಾ, ಮೀನು ಬಿಳಚಿಕೊಂಡಿವೆ. ಬಣ್ಣ ಬರೋಕೆ ಯಾವ ಔಷಧಿ ಹಾಕಲಿ?"

ಔಷಧಿ ಕೇಳೋದೇ ತಪ್ಪು ದಾರಿ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಗೋಲ್ಡ್‌ಫಿಶ್, ಕೋಯಿಗಳ ಕೆಂಪು, ಕಿತ್ತಳೆ, ಹಳದಿ ಬಣ್ಣ ಬರೋದು ಕ್ಯಾರೊಟಿನಾಯ್ಡ್ ಅನ್ನೋ ವಸ್ತುವಿನಿಂದ. ಕ್ಯಾರೆಟ್, ಮುಸುಕಿನ ಜೋಳ, ಚೆಂಡುಹೂವಿನ ಬಣ್ಣವೂ ಇದರದ್ದೇ. ಗಿಡ, ಪಾಚಿಗಳು ಇದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮೀನಿನ ದೇಹಕ್ಕೆ ಆ ಶಕ್ತಿ ಇಲ್ಲ, ತಿಂದೇ ಪಡೆಯಬೇಕು. ಬರೀ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕಿದರೆ ಮೀನು ದಪ್ಪ ಆಗುತ್ತದೆ, ಬಣ್ಣ ಏರಲ್ಲ. ಅದರಲ್ಲಿ ಬಣ್ಣದ ಅಂಶ ಇದ್ದರೆ ತಾನೇ ಏರೋದು?

ಹಾಗಂತ ಎಲ್ಲಾ ಬಣ್ಣವೂ ಮೇವಿನಿಂದ ಬರಲ್ಲ. ಕಪ್ಪು ಬಣ್ಣವನ್ನು ಮೀನಿನ ದೇಹವೇ ತಯಾರಿಸುತ್ತದೆ. ತಳಿಯಲ್ಲೇ ಬಿಳಿ ಇರೋ ಮೀನು ಏನು ತಿಂದರೂ ಕೆಂಪಾಗಲ್ಲ. ಗೋಲ್ಡ್‌ಫಿಶ್ ಮರಿಗಳು ಮೊದಲು ಕಂದು ಬಣ್ಣದಲ್ಲೇ ಇರುತ್ತವೆ, ತಿರುಗೋಕೆ ಕೆಲವು ತಿಂಗಳು ಬೇಕು. ಚೆನ್ನಾಗಿದ್ದ ಮೀನು ಇದ್ದಕ್ಕಿದ್ದಂತೆ ಬಿಳಚಿಕೊಂಡರೆ ಮೇವಿಗಿಂತ ಮೊದಲು ನೀರು ನೋಡಿ. ಆಮ್ಲಜನಕದ ಕೊರತೆ, ಗಲೀಜು, ರೋಗ ಯಾವುದಾದರೂ ಇರಬಹುದು.

ಈಗ ಔಷಧಿ ವಿಷಯಕ್ಕೆ ಬರೋಣ. ಎಳೆಯ ಗಪ್ಪಿ, ಸಿಕ್ಲಿಡ್ ಮೀನಿಗೆ ಗಂಡು ಹಾರ್ಮೋನ್ ಕೊಟ್ಟು ಬೇಗ ಬಣ್ಣ ಬರಿಸೋ ಚಾಳಿ ಈ ವ್ಯಾಪಾರದಲ್ಲಿದೆ. ಹೆಣ್ಣು ಮೀನೂ ಗಂಡಿನ ಥರ ಬಣ್ಣ ಹೊದ್ದುಕೊಳ್ಳುತ್ತದೆ. ಕೊಡೋದು ನಿಲ್ಲಿಸಿದ ಮೇಲೆ ಆ ಬಣ್ಣ ಮಾಸುತ್ತದೆ, ಮರಿ ಮಾಡೋ ಶಕ್ತಿಯೂ ಕೆಡುತ್ತದೆ. ನಮ್ಮ ದೇಶದ್ದೇ ಆದ ಗಾಜು ಮೀನಿಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರಿದ್ದೂ ಉಂಟು. ಹೀಗೆ ಮಾರಿದ ಮೀನು ಕೊಂಡವನ ತೊಟ್ಟಿಯಲ್ಲಿ ಎರಡು ತಿಂಗಳಿಗೆ ಮಂಕಾದರೆ, ಅವನು ಮತ್ತೆ ನಿಮ್ಮ ಹತ್ರ ಬರ್ತಾನಾ? ಹೊಸಬರಿಗೆ ಇರೋ ಬಂಡವಾಳವೇ ನಂಬಿಕೆ. ಅದನ್ನು ಒಂದು ಬಾಟಲಿಗೆ ಮಾರಿಕೊಳ್ಳಬೇಡಿ.

ನಮ್ಮ ಕೈಯಲ್ಲೇ ಇರೋ ದಾರಿ ಸುಲಭ. ಗುಂಡ್ಲುಪೇಟೆ ಕಡೆ ಚೆಂಡುಹೂ ಬೆಳೆದು ಕಾರ್ಖಾನೆಗೆ ಕೊಡೋದು ನಿಮಗೆ ಗೊತ್ತಿರಬಹುದು. ಅಲ್ಲಿ ತೆಗೆಯೋ ಬಣ್ಣದ ಸಾರ ಕೋಳಿ ಮೇವಿಗೂ ಹೋಗುತ್ತದೆ, ಮೊಟ್ಟೆಯ ಹಳದಿ ಗಾಢ ಆಗಲಿ ಅಂತ. ಅದೇ ಹೂವಿನ ಎಸಳನ್ನು ನೆರಳಲ್ಲಿ ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಸ್ವಲ್ಪ ಮೀನಿನ ಮೇವಿಗೆ ಕಲಸಬಹುದು. ಬಿಸಿಲಲ್ಲಿ ಒಣಗಿಸಿದರೆ ಬಣ್ಣದ ಅಂಶ ಹಾಳಾಗುತ್ತದೆ. ಹಸುಗಳಿಗೆ ಅಜೋಲಾ ಬೆಳೆಸಿದ್ದರೆ ಕೋಯಿ, ಗೋಲ್ಡ್‌ಫಿಶ್‌ಗೂ ಒಂದು ಹಿಡಿ ಹಾಕಿ. ಸ್ಪಿರುಲಿನಾ ಪುಡಿ ಇನ್ನೂ ಒಳ್ಳೇದು, ದುಡ್ಡು ಜಾಸ್ತಿ ಅಷ್ಟೇ. ಜಪಾನಿನ ಕೋಯಿ ಸಾಕಣೆದಾರರು ಕೆಂಪು ಏರಿಸೋಕೆ ಅದನ್ನು ಮೇವಲ್ಲಿ ಬಳಸುತ್ತಾರೆ. ಅತಿ ಮಾತ್ರ ಮಾಡಬೇಡಿ, ಬಿಳಿ ಇರಬೇಕಾದ ಜಾಗವೂ ನಸುಗೆಂಪಾಗಿಬಿಡುತ್ತದೆ.

ಒಂದು ಎಚ್ಚರಿಕೆ: ಕೀಟನಾಶಕ ಹೊಡೆದ ಹೂ ಮುಟ್ಟಲೇಬೇಡಿ. ಸೈಪರ್‌ಮೆಥ್ರಿನ್‌ನಂಥ ಔಷಧಿ ಮೀನಿಗೆ ಕಡು ವಿಷ. ಸಂತೆ ಹೂವಿಗೆ ಏನು ಹೊಡೆದಿದ್ದಾರೋ ಹೇಳೋಕಾಗಲ್ಲ. ಬದುವಿನಲ್ಲಿ ನಾಲ್ಕು ಗಿಡ ನೀವೇ ಹಾಕಿ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ಒಂದೇ ವಯಸ್ಸಿನ ಮೀನನ್ನು ಎರಡು ತೊಟ್ಟಿಗೆ ಹಾಕಿ. ಒಂದಕ್ಕೆ ಮಾಮೂಲಿ ಮೇವು, ಇನ್ನೊಂದಕ್ಕೆ ಎಸಳಿನ ಪುಡಿ ಕಲಸಿದ್ದು. ವಾರಕ್ಕೊಮ್ಮೆ ಅದೇ ಹೊತ್ತಿಗೆ, ಅದೇ ಬೆಳಕಲ್ಲಿ, ಫಿಲ್ಟರ್ ಇಲ್ಲದೆ ಫೋಟೋ ತೆಗೆಯಿರಿ. ಬಣ್ಣ ಒಂದೆರಡು ದಿನದಲ್ಲಿ ಏರಲ್ಲ, ವಾರಗಳೇ ಬೇಕು. ಎರಡು ತಿಂಗಳಾದ ಮೇಲೆ ಫೋಟೋ ಪಕ್ಕ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ಅದೇ ಫೋಟೋಗಳನ್ನು ಗಿರಾಕಿಗೂ ತೋರಿಸಿ, ಏನು ತಿನ್ನಿಸಿದಿರಿ ಅಂತಲೂ ಹೇಳಿ. ಮನೆಗೆ ಹೋದ ಮೇಲೂ ಅಂಥದ್ದೇ ಮೇವು ಹಾಕಿದರೆ ಅವನ ಮೀನಿನ ಬಣ್ಣ ಉಳಿಯುತ್ತದೆ, ನಿಮಗೆ ಗಿರಾಕಿ ಉಳಿಯುತ್ತಾನೆ.