ನೋಯದ ಹುಣ್ಣು

ಹಿಂದಿನ ತಲೆಮಾರಿನ ವೈದ್ಯರು, ರೋಗಿಯು ಯಾವ ತೊಂದರೆಗಾಗಿ ಬಂದಿದ್ದರೂ, ನಾಡಿ ಹಿಡಿದ ಬಳಿಕ "ಎಲ್ಲಿ, ನಾಲಗೆ ಚಾಚಿ" ಎನ್ನುತ್ತಿದ್ದರು. ಈಗ ಆ ಪದ್ಧತಿ ಅಪರೂಪವಾಗಿದೆ. ಜ್ವರಕ್ಕೆ ಬಂದವನಿಗೆ ಜ್ವರದ ಮಾತ್ರೆ, ರಕ್ತದೊತ್ತಡಕ್ಕೆ ಬಂದವನಿಗೆ ಅದರ ಮಾತ್ರೆ. ಬಾಯೊಳಗೆ ಇಣಿಕಿ ನೋಡುವಷ್ಟು ಪುರಸತ್ತು ಯಾರಿಗೂ ಇಲ್ಲ. ಈ ಅವಸರದಲ್ಲಿ ಕಣ್ತಪ್ಪಿಹೋಗುವ ವ್ಯಾಧಿಗಳಲ್ಲಿ ಬಾಯಿಯ ಕ್ಯಾನ್ಸರ್ ಮುಖ್ಯವಾದುದು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ವಾಚಕರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ. ತೊಗರಿಯ ಹೊಲದಲ್ಲಿ, ಕಬ್ಬಿನ ಗದ್ದೆಯಲ್ಲಿ ದುಡಿಯುವವರು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಬೆರೆಸಿ ತಿಕ್ಕಿ, ಕೆನ್ನೆ-ಒಸಡುಗಳ ಸಂದಿಯಲ್ಲಿ ಇಟ್ಟುಕೊಳ್ಳುವುದುಂಟು. ಆಯಾಸ ಕಳೆಯುತ್ತದೆ, ಹಸಿವು ಮರೆಯುತ್ತದೆ ಎಂಬುದು ಅವರ ಸಮಾಧಾನ. ತಂಬಾಕಿನ ಉಂಡೆಯು ನಿತ್ಯ ಕುಳಿತ ಸ್ಥಳದಲ್ಲಿಯೇ ವ್ಯಾಧಿಯು ಬಹುಮಟ್ಟಿಗೆ ಮೊಳೆಯುತ್ತದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ವ್ಯಾಪಾರಿಗಳು ಪಾನ್ ಮಸಾಲೆಯನ್ನೂ ತಂಬಾಕನ್ನೂ ಎರಡು ಚೀಟಿಗಳಲ್ಲಿ ಮಾರತೊಡಗಿದರು, ಕೊಂಡವನು ಬಾಯಲ್ಲಿ ಬೆರೆಸಿಕೊಂಡನು! "ನಾನು ತಂಬಾಕು ಬಿಟ್ಟಿದ್ದೇನೆ, ಬರೀ ಅಡಿಕೆ" ಎನ್ನುವವರೂ ನಿಶ್ಚಿಂತರಾಗಿರಲಾಗದು. ಅಡಿಕೆಯೊಂದೇ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು.

ಈ ರೋಗದ ಕಪಟವೆಂದರೆ ಮೊದಲಿಗೆ ಅದು ನೋಯುವುದಿಲ್ಲ. ಕೆನ್ನೆಯ ಒಳಭಾಗದಲ್ಲಿ ಒಂದು ಬಿಳಿಯ ಮಚ್ಚೆ, ಒರೆಸಿದರೆ ಹೋಗದು. ಕೆಂಪು ಮಚ್ಚೆಯಾದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಡಿಕೆ ಜಗಿಯುವವರಲ್ಲಿ ಮತ್ತೊಂದು ಬಗೆಯ ಸೂಚನೆಯಿದೆ. ಜೋಳದ ರೊಟ್ಟಿಯೊಡನೆ ಕೆಂಪು ಖಾರವನ್ನು ಚಪ್ಪರಿಸಿ ತಿನ್ನುತ್ತಿದ್ದವನಿಗೆ ಖಾರ ಸೋಕಿದೊಡನೆ ಬಾಯಿ ಉರಿಯತೊಡಗುತ್ತದೆ. ಮನೆಯವರು ಉಷ್ಣವೆಂದು ಮಜ್ಜಿಗೆ ಕೊಡುತ್ತಾರೆ. ಕ್ರಮೇಣ ಕೆನ್ನೆಯ ಒಳಪೊರೆ ಬಿರುಸಾಗಿ ಬಾಯಿ ಕಿರಿದಾಗುತ್ತದೆ. ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಿಗೆ ತೂರಿಸಿ ನೋಡಿ. ಹಿಡಿಸದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣು, ಕುತ್ತಿಗೆಯ ಗಂಟು, ಕಾರಣವಿಲ್ಲದೆ ಸಡಿಲವಾದ ಹಲ್ಲು ಇವೂ ಅಲಕ್ಷ್ಯಕ್ಕೆ ತಕ್ಕವಲ್ಲ.

ಇಷ್ಟನ್ನು ಕಾಣಲು ಯಂತ್ರ ಬೇಕಿಲ್ಲ, ಟಾರ್ಚಿನ ಬೆಳಕು ಸಾಕು. ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ 13 ಪಂಚಾಯತಿಗಳಲ್ಲಿ ಒಂದು ದೀರ್ಘ ಪರೀಕ್ಷೆ ನಡೆಯಿತು. ಅವುಗಳಲ್ಲಿ 7 ಪಂಚಾಯತಿಗಳ ಜನರ ಬಾಯಿಯನ್ನು ತರಬೇತಿ ಪಡೆದ ಕಾರ್ಯಕರ್ತರು ನೋಡುತ್ತ ಬಂದರು, ಅವರು ವೈದ್ಯರಲ್ಲ. ತಂಬಾಕು, ಮದ್ಯಗಳ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಪಾಲು ಇಳಿಯಿತೆಂದು 2005ರ ವರದಿ ತಿಳಿಸಿತು. ಚಟವಿಲ್ಲದವರಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಆದುದರಿಂದ ತಂಬಾಕು ಹಾಕುವವನ ಬಾಯಿಯನ್ನೇ ಮೊದಲು ನೋಡಬೇಕಾದುದು.

ಮೂವತ್ತು ದಾಟಿದ ಸ್ತ್ರೀಪುರುಷರೆಲ್ಲರ ಬಾಯಿಯನ್ನು ಐದು ವರ್ಷಗಳಿಗೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಸರಕಾರದ 2016ರ ಮಾರ್ಗಸೂಚಿಯು ಹೇಳುತ್ತದೆ. ಕಾಗದದ ಮೇಲಿನ ಈ ಮಾತು ನಡೆಯಬೇಕಾದರೆ ರೋಗಿಯೂ ಬಾಯಿಬಿಡಬೇಕು, ಎರಡರ್ಥದಲ್ಲಿಯೂ! ಸಕ್ಕರೆ ಕಾಯಿಲೆಯ ತಪಾಸಣೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ, ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ, "ನನ್ನ ಬಾಯಿಯನ್ನೂ ಒಮ್ಮೆ ನೋಡಿರಿ" ಎಂದು ಕೇಳುವುದರಲ್ಲಿ ಸಂಕೋಚವೇಕೆ? ತಂಬಾಕು ಹಾಕುವ ಹೆಣ್ಣುಮಕ್ಕಳು ಮನೆಯವರೆದುರು ಇದನ್ನು ಹೇಳಿಕೊಳ್ಳಲಾರರು. ಆಶಾ ಕಾರ್ಯಕರ್ತೆ ಒಬ್ಬಳೇ ಇದ್ದಾಗ ಹೇಳಬಹುದು.

ಸಂದೇಹ ಬಂದರೆ ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ಅಲ್ಲಿ ಮಚ್ಚೆಯ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕೆನ್ನಬಹುದು. ಕತ್ತರಿ ತಗುಲಿದರೆ ರೋಗವು ಮೈಯೆಲ್ಲ ಹರಡುತ್ತದೆಂಬ ಭಯದಿಂದ ಅನೇಕರು ಅಲ್ಲಿಂದಲೇ ಹಿಂದಿರುಗುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ಆ ಚೂರು ತೊಗರಿಯ ಕಾಳಿನಷ್ಟಿರುತ್ತದೆ. ಜಾಗವನ್ನು ಮರಗಟ್ಟಿಸಿ ತೆಗೆಯುವುದರಿಂದ ಸಾಮಾನ್ಯವಾಗಿ ಅದೇ ದಿನ ಸಂಜೆಗೆ ಊರು ಸೇರಬಹುದು.